ಏಳು ಕೋಲು, ಒಂದೇ ಅಳತೆ

ನಾನು ಹುಟ್ಟಾ ಪುಕ್ಕಲ. ಬಸ್ಸು ಎರಡು ನಿಮಿಷ ತಡವಾದರೆ ಕೆಲಸ ಹೋಯಿತು ಎಂದುಕೊಳ್ಳುವವನು. ಮೇಲಧಿಕಾರಿ ಕೆಮ್ಮಿದರೂ ಅದು ನನ್ನ ಮೇಲಿನ ಕೋಪ ಎಂದು ಅರ್ಥ ಮಾಡಿಕೊಳ್ಳುವವನು. ಅಂಥವನನ್ನು ಐವತ್ತರ ದಶಕದ ಕೊನೆಯಲ್ಲೊಂದು ಸೋಮವಾರ ನಮ್ಮ ಕಂಪನಿಯ ದೊರೆ ತಮ್ಮ ಕೋಣೆಗೆ ಕರೆದು, ಗಾಲ್ಫ್ ಆಡುತ್ತೀಯಾ ಎಂದು ಕೇಳಿದರು.

ಕಂಪನಿ ಇದ್ದದ್ದು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ. ದೊರೆ ಸ್ಕಾಟ್ಲೆಂಡಿನವರು, ಸ್ವಾತಂತ್ರ್ಯ ಬಂದ ಮೇಲೂ ಇಲ್ಲೇ ಉಳಿದವರು. ನಾನು ಅವರ ಮಾರಾಟದ ವಿಭಾಗದಲ್ಲಿ ಗುಮಾಸ್ತ. ವಿಭಾಗದಲ್ಲಿ ಒಂದು ಆಫೀಸರ್ ಹುದ್ದೆ ಖಾಲಿಯಾಗಿತ್ತು, ಅದು ನನಗೆ ಸಿಗಬಹುದೆಂಬ ಗುಸುಗುಸು ಇತ್ತು. ಆ ಹುದ್ದೆಯವನು ಭಾನುವಾರ ದೊಡ್ಡ ಗಿರಾಕಿಗಳ ಜೊತೆ ಗಾಲ್ಫ್ ಮೈದಾನದಲ್ಲಿ ಓಡಾಡಬೇಕು. "ಇನ್ನೂ ಆಡಿಲ್ಲ ಸರ್, ಕಲಿಯುತ್ತೇನೆ" ಎಂದೆ. "ಸರಿ, ಒಂದು ಐರನ್ ಸೆಟ್ ಹುಡುಕಿಕೋ. ಈ ಭಾನುವಾರ ಬಿಟ್ಟು ಅದರಾಚೆಯ ಭಾನುವಾರ ಬಾ, ನೋಡೋಣ" ಎಂದರು. ಆ 'ನೋಡೋಣ' ನನ್ನ ನಿದ್ದೆ ಕೆಡಿಸಿತು.

ಅವರು ನೋಡಬಾರದ ಒಂದು ಸಂಗತಿ ಇತ್ತು. ಕೆಲಸದ ಅರ್ಜಿಯಲ್ಲಿ ತಂದೆಯ ಉದ್ಯೋಗ ಎಂಬ ಜಾಗದಲ್ಲಿ ನಾನು ಜಮೀನ್ದಾರರು ಎಂದು ಬರೆದಿದ್ದೆ. ನಮ್ಮದು ಯಡಿಯೂರು. ಇದ್ದ ರಾಗಿ ಹೊಲ ಜಯನಗರದ ಬಡಾವಣೆಗೆ ಹೋಗಿ, ಅದರ ಮೇಲೆ ಅಡ್ಡರಸ್ತೆ ಬಂದು, ಯಾರದೋ ಮನೆಯ ಕಾಂಪೌಂಡು ಎದ್ದಿತ್ತು. ಅಪ್ಪನಿಗೆ ಉಳಿದದ್ದು ಗುದ್ದಲಿ, ಕೊಡಲಿಗಳಿಗೆ ಕಾವು ಹಾಕುವ ಕೈಕೆಲಸ. ಕತ್ರಿಗುಪ್ಪೆ, ಸಾರಕ್ಕಿ ಕಡೆಯವರೆಲ್ಲ ಹಿಡಿಕೆ ಹಾಕಿಸಲು ನಮ್ಮ ಜಗಲಿಗೇ ಬರುತ್ತಿದ್ದರು. ಜಾಲಿ ಮರದ ತುಂಡು ತಂದವನನ್ನು ಅಪ್ಪ ಮೊದಲು ನೆಟ್ಟಗೆ ನಿಲ್ಲಿಸಿ, ಅವನ ಎತ್ತರಕ್ಕೆ ಗುರುತು ಹಾಕಿಕೊಂಡು, ಆಮೇಲೆ ಬಾಚಿ ಎತ್ತಿಕೊಳ್ಳುತ್ತಿದ್ದ. ಕಾವು ಆಳಿನ ಅಳತೆಗಿರಬೇಕು ಎಂಬುದು ಅವನ ಕಟ್ಟಪ್ಪಣೆ. ಗಿಡ್ಡ ಮನುಷ್ಯ ಅಣ್ಣನ ಉದ್ದದ ಗುದ್ದಲಿ ಹಿಡಿದು ಬಂದರೆ ಬೈದು ಕಳಿಸುತ್ತಿದ್ದ.

ಐರನ್ ಎಂದರೆ ಏನೆಂದು ಕೇಳುವುದಕ್ಕೂ ನನಗೆ ಆಫೀಸಿನಲ್ಲಿ ಧೈರ್ಯವಿರಲಿಲ್ಲ. ಕೇಳಿದರೆ ಗೊತ್ತಿಲ್ಲವೆಂದು ಗೊತ್ತಾಗಿಬಿಡುತ್ತದಲ್ಲ! ಊರು ಬಿಟ್ಟು ಹೋಗುವ ಇಂಗ್ಲಿಷರ ಸಾಮಾನು ಮಾರುವ ಒಂದು ಅಂಗಡಿ ದಂಡಿನ ಅಡ್ಡರಸ್ತೆಯಲ್ಲಿತ್ತು. ಶನಿವಾರ ಅರ್ಧ ದಿನದ ಆಫೀಸು ಮುಗಿಸಿಕೊಂಡು ಅಲ್ಲಿಗೆ ಹೋಗುವುದೆಂದು ನಿಶ್ಚಯಿಸಿದೆ. ಒಬ್ಬನೇ ಹೋಗಲು ಭಯವಾಗಿ ಅಪ್ಪನನ್ನು ಅಲ್ಲಿಗೇ ಬರಹೇಳಿದೆ. ಕಬ್ಬಿಣದ ವಿಷಯದಲ್ಲಿ ಅವನಿಗೆ ಯಾರೂ ಟೋಪಿ ಹಾಕಲಾರರು ಎಂಬುದು ನನ್ನ ಲೆಕ್ಕಾಚಾರ.

ಅಂಗಡಿಯವರು ವಯಸ್ಸಾದ ಮುಸಲ್ಮಾನರು. ಗಡಿಯಾರ, ಪಿಯಾನೋ, ಒಡೆದ ಟೀ ಸೆಟ್ಟುಗಳ ನಡುವೆ ಕೂತಿದ್ದರು. ಕೇಳಿದ ಕೂಡಲೇ ಎರಡು ಸೆಟ್ ತೆಗೆದು ಬೆಂಚಿನ ಮೇಲೆ ಹರಡಿದರು. ಒಂದಕ್ಕೆ ಉಕ್ಕಿನ ಹಿಡಿಕೆ, ಫಳಫಳ ಹೊಳೆಯುತ್ತಿತ್ತು. ಇನ್ನೊಂದು ಹಳೆಯದು, ಮರದ ಹಿಡಿಕೆಯದು. ಎರಡರಲ್ಲೂ ಚೆಂಡು ಹೊಡೆಯಲು ಕಬ್ಬಿಣದ ತಲೆಯಿದ್ದ ಏಳೇಳು ಕೋಲು, ತಲೆಯ ಹಿಂಬದಿಯಲ್ಲಿ ಮೂರರಿಂದ ಒಂಬತ್ತರವರೆಗೆ ಅಂಕಿ. ಹೊಳೆಯುವುದನ್ನು ತೆಗೆದುಕೊಂಡರೆ ಆಟ ಬಾರದವನಿಗೆ ಜಂಭ ನೋಡು ಅಂದಾರು. ಹಳೆಯದನ್ನು ತೆಗೆದುಕೊಂಡರೆ ದರಿದ್ರದವನು ಅಂದಾರು. ಎರಡನ್ನೂ ಹತ್ತು ಸಲ ಎತ್ತಿ ಹತ್ತು ಸಲ ಇಳಿಸಿದೆ.

"ಯಾವುದು ಒಳ್ಳೇದು ಸಾಹೇಬ್ರೇ, ಹೊಸಬ್ರಿಗೆ?" ಎಂದೆ.

"ನಾನು ಮಾರೋನು ಸಾರ್, ಆಡೋನಲ್ಲ. ಒಂದೊಂದು ಕೋಲು ಒಂದೊಂದು ದೂರಕ್ಕೆ ಅಂತಾರೆ. ಅಷ್ಟೇ ಗೊತ್ತು ನನಗೆ."

ಅಪ್ಪ ಉಕ್ಕಿನ ಹಿಡಿಕೆಯವನ್ನು ಮುಟ್ಟಲೇ ಇಲ್ಲ. ಮರದ ಹಿಡಿಕೆಯದೊಂದನ್ನು ಎತ್ತಿ, ಉಗುರಿನಿಂದ ತಲೆಗೆ ಬಡಿದು ನಾದ ಕೇಳಿದ. ಕಣ್ಣಿನ ಮಟ್ಟಕ್ಕೆ ಹಿಡಿದು ಡೊಂಕು ನೋಡಿದ. ಅಂಗಡಿಯವರು ಎದ್ದು ಬಂದು ಅವನ ಪಕ್ಕ ನಿಂತು ನೋಡತೊಡಗಿದರು. "ಮರ ಭಾಳ ಚೆನ್ನಾಗೈತೆ ಸಾಯ್ಬ್ರೇ, ಯಾವ ದೇಶದ್ದೋ. ಎಳೆ ನೆಟ್ಟಗೈತೆ. ಇದ್ನೇ ಕೊಡಿ" ಎಂದ. "ನಿಮಗೆ ಗೊತ್ತಿದೆ ಯಜಮಾನ್ರೇ" ಎಂದು ಅವರು ನಕ್ಕರು. ಮನೆಗೆ ಒಯ್ದು ನೋಡಿ, ಹಿಡಿಸದಿದ್ದರೆ ವಾಪಸ್ಸು ತನ್ನಿ ಎಂದೂ ಹೇಳಿದರು. ಇಬ್ಬರೂ ಒಂದೇ ಕಸುಬಿನವರಂತೆ ಮಾತಾಡಿಕೊಂಡರು, ನಾನು ಮದುವೆಗೆ ಕರೆಯದೆ ಬಂದವನ ಹಾಗೆ ನಿಂತಿದ್ದೆ.

ಮನೆಗೆ ಬಂದು ಏಳನ್ನೂ ಗೋಡೆಗೆ ಒರಗಿಸಿದೆ. ಒಂದರ ಉದ್ದ ಇನ್ನೊಂದಕ್ಕಿರಲಿಲ್ಲ. ಮೂರನೆಯ ನಂಬರಿನದು ಎಲ್ಲಕ್ಕಿಂತ ಉದ್ದ, ಒಂಬತ್ತನೆಯದು ಎಲ್ಲಕ್ಕಿಂತ ಗಿಡ್ಡ. ಏಳು ಬೇರೆ ಬೇರೆ ಜನರ ಕೋಲುಗಳನ್ನು ಗುಡ್ಡೆ ಹಾಕಿ ಮಾರಿದ್ದಾರೆ ಎಂದು ನನಗೆ ಅನ್ನಿಸಿತು. ಅಪ್ಪನೂ ತಲೆಯಾಡಿಸಿದ.

"ಒಬ್ಬನೇ ಆಳು, ಏಳು ಥರ ಕಾವು ಹೆಂಗೆ ಹಿಡೀತಾನ್ಲಾ? ಸೊಂಟ ಹೋಗ್ತದೆ."

ವಾಪಸ್ಸು ಕೊಡಲು ಮತ್ತೆ ಆ ಅಂಗಡಿಗೆ ಹೋಗುವ ಧೈರ್ಯ ನನಗಿರಲಿಲ್ಲ. "ಹಂಗಾದ್ರೆ ಏನಾದ್ರೂ ಮಾಡಪ್ಪಾ" ಎಂದೆ. ಈ ಮಾತು ಆಡಿದವನು ನಾನೇ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆದಿಡಬೇಕು, ಏಕೆಂದರೆ ಮುಂದೆ ಬಹಳ ದಿನ ಇದನ್ನು ನನ್ನಷ್ಟಕ್ಕೆ ನಾನೂ ಒಪ್ಪಿಕೊಳ್ಳಲಿಲ್ಲ.

ಅಪ್ಪ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ, ಬಗ್ಗಿಸಿ, ಒಂದೊಂದೇ ಕೋಲು ಕೈಗೆ ಕೊಟ್ಟು ನೋಡಿದ. ಎಲ್ಲಕ್ಕಿಂತ ಗಿಡ್ಡದ್ದೇ ನನಗೆ ಹದ ಎಂದು ತೀರ್ಮಾನಿಸಿದ. ಮರುವಾರವೆಲ್ಲ ನಾನು ಆಫೀಸಿಗೆ ಹೋದ ಮೇಲೆ ಜಗಲಿಯಲ್ಲಿ ಕೂತು, ಮಿಕ್ಕ ಆರರ ತುದಿಯ ಚರ್ಮ ಬಿಚ್ಚಿ, ಹಿಡಿಕೆ ಕುಯ್ದು, ತುದಿಯನ್ನು ಗಾಜಿನ ಚೂರಿನಿಂದ ಹೆರೆದು, ಚರ್ಮವನ್ನು ಮತ್ತೆ ಸುತ್ತಿ, ಮೇಣ ತಿಕ್ಕಿದ ಹುರಿಯಿಂದ ಬಿಗಿದ. ಶನಿವಾರ ಸಂಜೆ ಏಳೂ ಗೋಡೆಗೆ ಒರಗಿ ಕವಾಯತಿನ ಸಿಪಾಯಿಗಳ ಹಾಗೆ ಒಂದೇ ಎತ್ತರಕ್ಕೆ ನಿಂತಿದ್ದವು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ನೋಡಿರಲಿಲ್ಲ. ಹದಿನೈದು ದಿನಗಳಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡೆ.

ಭಾನುವಾರ ಬೆಳಿಗ್ಗೆ ಗೋಣಿಬಟ್ಟೆಯಲ್ಲಿ ಸುತ್ತಿದ ಕೋಲುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋದೆ. ಗೇಟಿನ ಹೊರಗೇ ಗೋಣಿಬಟ್ಟೆ ಬಿಚ್ಚಿ ಪೊದೆಯಲ್ಲಿ ಬಚ್ಚಿಟ್ಟು, ಕೋಲುಗಳನ್ನು ಕಂಕುಳಲ್ಲಿ ಇರುಕಿಕೊಂಡೆ. ಒಳಗೆ ದೊರೆ, ಇಬ್ಬರು ಗಿರಾಕಿಗಳು. ಮೊದಲ ಹೊಡೆತಕ್ಕೆ ಹುಲ್ಲಿನ ಸಮೇತ ಮಣ್ಣಿನ ಹೆಂಟೆ ಎದ್ದಿತು, ಚೆಂಡು ಅಲ್ಲೇ ಇತ್ತು. ಎರಡನೆಯದಕ್ಕೂ ಅದೇ. ದೊರೆ ಹತ್ತಿರ ಬಂದು, ಹೀಗಲ್ಲ, ಹೀಗೆ ಎಂದು ತೋರಿಸಲು ನನ್ನ ಮೂರನೆಯ ನಂಬರನ್ನು ಕೈಗೆ ತೆಗೆದುಕೊಂಡರು. ಅದನ್ನು ಎತ್ತಿದವರು ತಡೆದು ನಿಂತರು. ಒಂಬತ್ತನೆಯದನ್ನು ಕೇಳಿ ಪಡೆದು ಪಕ್ಕಕ್ಕೆ ಹಿಡಿದರು. ಆಮೇಲೆ ಏಳನ್ನೂ ಒಟ್ಟಿಗೆ ನೆಲಕ್ಕೆ ಊರಿದರು.

ಗಿರಾಕಿಗಳಲ್ಲಿ ಒಬ್ಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ಚೆಂಡನ್ನು ದೂರ ಹೊಡೆಯುವ ಕೋಲು ಉದ್ದವಿರಬೇಕು, ಹತ್ತಿರದ್ದು ಗಿಡ್ಡವಿರಬೇಕು, ಅದಕ್ಕೇ ಅಲ್ಲವೇ ಏಳು ಕೋಲು ಎಂದು ದೊರೆ ಮಗುವಿಗೆ ಹೇಳುವ ಹಾಗೆ ಹೇಳಿದರು. ಆಮೇಲೆ ಕೇಳಿದರು: "ಯಾರು ಮಾಡಿದ್ದು ಇದನ್ನು?"

ಜಗಲಿ, ಗಾಜಿನ ಚೂರು, ಬಾಚಿ ಎಲ್ಲವೂ ಆ ಹುಲ್ಲಿನ ಮೇಲೆ ಬಂದು ಕೂತಂತಾಯಿತು. ಅರ್ಜಿಯಲ್ಲಿ ಬರೆದ ಜಮೀನ್ದಾರರು ಎಂಬ ಪದವೂ ನೆನಪಾಯಿತು. "ಅಂಗಡಿಯಲ್ಲಿ ಹೀಗೇ ಕೊಟ್ಟರು ಸರ್" ಎಂದೆ.

ಇಷ್ಟಕ್ಕೇ ಮುಗಿಯುತ್ತದೆ ಎಂದುಕೊಂಡಿದ್ದೆ. ಆದರೆ ದೊರೆ ನ್ಯಾಯವಂತರು, ಅದೇ ನನ್ನ ಗ್ರಹಚಾರ. ಕಲಿಯಲು ಬಂದವನಿಗೆ ಮೋಸ ಮಾಡುವುದೆಂದರೆ ಏನು ಎಂದು ಕೆಂಪಾದರು. ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ ನನ್ನನ್ನು ಕಾರಿನಲ್ಲಿ ಕೂರಿಸಿಕೊಂಡು ಅಂಗಡಿಗೇ ಹೋದರು. ದಾರಿಯುದ್ದಕ್ಕೂ ಅಂಗಡಿ ಮುಚ್ಚಿರಲಿ ಎಂದು ಬೇಡಿಕೊಂಡೆ. ಬಾಗಿಲು ತೆರೆದೇ ಇತ್ತು.

ದೊರೆ ಕೋಲುಗಳನ್ನು ಬೆಂಚಿನ ಮೇಲೆ ಎಸೆದು ರೇಗಿದರು. ಅಂಗಡಿಯವರಿಗೆ ಮೊದಲು ಏನೂ ಅರ್ಥವಾಗಲಿಲ್ಲ. ಒಂದನ್ನು ಎತ್ತಿ ತುದಿ ನೋಡಿದರು. ಹೊಸದಾಗಿ ಕುಯ್ದ ಬಿಳಿ ಮರ ಚರ್ಮದ ಅಂಚಿನಲ್ಲಿ ಕಾಣುತ್ತಿತ್ತು. ಮೇಣದ ಹುರಿಯ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದರು. ಅಪ್ಪ ಎಲ್ಲಿ ಎಂದು ಕೇಳಿಬಿಡುತ್ತಾರೆ ಎಂದು ದೊರೆಯ ಬೆನ್ನ ಹಿಂದೆ ಸರಿದೆ. ಅವರು ಕೇಳಲಿಲ್ಲ. "ಮಾಫ್ ಮಾಡಿ ಸಾಬ್, ತಪ್ಪಾಗಿದೆ" ಎಂದು ದೊರೆಗೆ ಕೈಮುಗಿದು, ಉಕ್ಕಿನ ಸೆಟ್ಟನ್ನು ತಂದು ನನ್ನ ಮುಂದಿಟ್ಟರು. ಇನ್ನು ನಮ್ಮ ಪೈಕಿ ಯಾರೂ ನಿನ್ನ ಅಂಗಡಿ ಮೆಟ್ಟಿಲು ಹತ್ತದ ಹಾಗೆ ನೋಡಿಕೊಳ್ಳುತ್ತೇನೆ ಎಂದು ಹೇಳಿ ದೊರೆ ಹೊರಟರು. ನಾನು ಆ ಸೆಟ್ಟನ್ನು ಎತ್ತಿಕೊಂಡು ಅವರ ಹಿಂದೆ ನಡೆದೆ. ನನಗೆ ನಾಚಿಕೆಗಿಂತ ಹೆಚ್ಚಾಗಿ ಆಗಿದ್ದು ಸಮಾಧಾನ. ಪಾರಾದೆನಲ್ಲ ಎಂಬ ಸಮಾಧಾನ.

ಸಂಜೆ ಅಪ್ಪ ಹೊಸ ಕೋಲುಗಳನ್ನು ನೋಡಿದ. ಅವನ ಕಣ್ಣು ಮೊದಲು ಹೋದದ್ದು ಉದ್ದದ ಮೇಲೆಯೇ.

"ಇವೂ ಹಂಗೇ ಅವೆ. ಅಂದ್ರೆ ಅದು ಇರೋದೇ ಹಂಗಾ?"

"ಹೂಂ. ನೀನು ಕಡಿದು ಹಾಳು ಮಾಡ್ದೆ. ಎಲ್ರೂ ನಕ್ಕರು" ಎಂದು ಸಿಡುಕಿದೆ. ಎರಡು ವಾರದ ಭಯವೆಲ್ಲ ಸಿಟ್ಟಾಗಿ ಬಂದಿತ್ತು. "ನಾನೇ ಹೆಂಗೋ ಸಂಭಾಳಿಸ್ದೆ. ಅಂಗಡಿಯವರದೇ ತಪ್ಪು ಅಂತ ಹೇಳ್ದೆ. ಅವರೂ ಒಪ್ಕೊಂಡ್ರು, ಬಿಡು."

ಅಪ್ಪ ನನ್ನ ಕಡೆ ತಿರುಗಿದ. "ಸಾಯ್ಬ್ರು ಯಾಕೆ ಒಪ್ಕೊಂಡ್ರು? ಕಡ್ದೋನು ನಾನಲ್ವಾ?"

"ಅವರೇ ಸುಮ್ನಿರೋವಾಗ ನಿನಗೇನಪ್ಪಾ?"

ಅವನು ಎದ್ದು ಜಗಲಿಗೆ ಹೋದ. ಮುಗಿಯಿತು ಎಂದುಕೊಂಡೆ.

ಮರುದಿನ ಹನ್ನೊಂದರ ಸುಮಾರಿಗೆ ಜವಾನ ಬಂದು, ದೊರೆಗಳು ಕರೀತಾರೆ ಸಾರ್ ಎಂದ. ಆಫೀಸರ್ ಹುದ್ದೆಯ ವಿಷಯವೇ ಇರಬೇಕೆಂದು ಕೂದಲು ಸರಿ ಮಾಡಿಕೊಂಡು ಒಳಗೆ ಹೋದೆ. ದೊರೆಯ ಮೇಜಿನ ಈಚೆ ಅಪ್ಪ ನಿಂತಿದ್ದ. ಒಗೆದ ಪಂಚೆ, ಹೆಗಲ ಮೇಲೆ ಟವೆಲು, ಮೊಣಕಾಲವರೆಗೂ ಕೆಂಪು ಧೂಳು. ಯಡಿಯೂರಿನಿಂದ ದಂಡಿನವರೆಗೂ ನಡೆದೇ ಬಂದಿದ್ದಾನೆ ಎಂದು ಆ ಧೂಳೇ ಹೇಳುತ್ತಿತ್ತು. ಬಾಗಿಲಲ್ಲಿ ಜವಾನನಿಗೆ ನನ್ನ ತಂದೆ ಎಂದು ಹೇಳಿಕೊಂಡು, ಆದರೆ ಮಗನನ್ನಲ್ಲ, ದೊರೆಯನ್ನೇ ನೋಡಬೇಕೆಂದು ಹಟ ಹಿಡಿದಿದ್ದನಂತೆ. ಎಲ್ಲ ಮುಗಿಯಿತು. ಹುದ್ದೆ ಹೋಯಿತು, ಬಹುಶಃ ಇದ್ದ ಕೆಲಸವೂ ಹೋಯಿತು.

"ಇವರು ನಿನ್ನ ತಂದೆಯಂತೆ. ಏನೋ ಹೇಳುತ್ತಿದ್ದಾರೆ, ನನಗೆ ತಿಳಿಯುತ್ತಿಲ್ಲ. ಇಂಗ್ಲಿಷಿನಲ್ಲಿ ಹೇಳು" ಎಂದರು ದೊರೆ.

ಅಪ್ಪ ನನ್ನ ಕಡೆ ತಿರುಗದೆ ದೊರೆಯನ್ನೇ ನೋಡುತ್ತಾ ಶುರು ಮಾಡಿದ. "ಬುದ್ಧಿ, ಆ ಕೋಲಿನ ಕಾವು ಕಡ್ದೋನು ನಾನು. ಅಂಗಡಿ ಸಾಯ್ಬ್ರದು ಏನೂ ತೆಪ್ಪಿಲ್ಲ. ಅವ್ರು ಕೊಟ್ಟಿದ್ದು ನೆಟ್ಟಗೇ ಇತ್ತು."

ಅದನ್ನು ಇಂಗ್ಲಿಷಿಗೆ ತಿರುಗಿಸಿದೆ. ನನ್ನ ದನಿ ಯಾರದೋ ದನಿಯ ಹಾಗೆ ಕೇಳಿಸಿತು. ದೊರೆಯ ಹುಬ್ಬು ಮೇಲಕ್ಕೆ ಹೋಯಿತು. ಇನ್ನು ಮುಂದಿನ ಪ್ರಶ್ನೆ ಅವರು ಕೇಳಬೇಕಾಗಿಯೇ ಇರಲಿಲ್ಲ. ಹಾಗಾದರೆ ನೀನೇಕೆ ಅಂಗಡಿಯವನ ಮೇಲೆ ಹಾಕಿದೆ ಎಂಬುದು ಅವರ ಮುಖದ ಮೇಲೇ ಇತ್ತು. ನಾನು ಕಾಲಬೆರಳು ಬಿಗಿಹಿಡಿದು ನಿಂತೆ.

"ನನ್ ಮಗನಿಗೆ ಇದೇನೂ ಗೊತ್ತಿರ್ಲಿಲ್ಲ ಬುದ್ಧಿ" ಎಂದ ಅಪ್ಪ. "ಅವ್ನು ಆಪೀಸಿಗೆ ಬಂದಾಗ ನಾನೇ ಕಡ್ದು, ಮೊದ್ಲಿನಂಗೇ ಸುತ್ತಿಟ್ಬುಟ್ಟೆ. ಅಂಗಡೀಲೇ ಹಂಗಿತ್ತು ಅಂದ್ಕೊಂಡವ್ನೆ ಪಾಪ. ಅವ್ನು ಸುಳ್ಳು ಹೇಳೋನಲ್ಲ."

"ಹೇಳಪ್ಪ" ಎಂದ ಅಪ್ಪ.

ನಿಜ ಹೇಳಬಹುದಾಗಿತ್ತು. ನಾನೇ ಹೇಳಿ ಮಾಡಿಸಿದ್ದು ಸರ್ ಎಂಬ ಮಾತು ಇಂಗ್ಲಿಷಿನಲ್ಲಿ ನಾಲ್ಕೇ ಪದಗಳಲ್ಲಿ ಮುಗಿಯುತ್ತಿತ್ತು. ಪರರೊಬ್ಬರು ತನ್ನ ತಪ್ಪು ಹೊರುವುದನ್ನು ಸಹಿಸಲಾರದೆ ನಡೆದು ಬಂದವನು ನನಗೋಸ್ಕರ ಸುಳ್ಳು ಹೇಳಿದ್ದ. ಆ ಸುಳ್ಳನ್ನು ನಾನು ಒಂದು ಪದವೂ ಬಿಡದೆ ಇಂಗ್ಲಿಷಿಗೆ ತಿರುಗಿಸಿದೆ. ನನ್ನ ಮಗ ಸುಳ್ಳು ಹೇಳುವವನಲ್ಲ ಎಂಬುದನ್ನೂ ನನ್ನ ಬಾಯಿಂದಲೇ ಹೇಳಿದೆ.

ದೊರೆ ಕುರ್ಚಿಯಿಂದ ಎದ್ದು, ಮೇಜು ಸುತ್ತಿ ಬಂದು, ಅಪ್ಪನ ಕೈ ಕುಲುಕಿದರು. ಇವತ್ತೇ ಹೋಗಿ ಅಂಗಡಿಯವರ ಕ್ಷಮೆ ಕೇಳುತ್ತೇನೆ ಎಂದರು. ಇಷ್ಟು ಪ್ರಾಮಾಣಿಕ ಮನುಷ್ಯನನ್ನು ನಾನು ಈ ದೇಶದಲ್ಲಿ ಅಷ್ಟಾಗಿ ನೋಡಿಲ್ಲ, ಅವರಿಗೆ ಹೇಳು ಎಂದು ನನ್ನ ಬೆನ್ನು ತಟ್ಟಿದರು. ಅರ್ಜಿಯ ಜಮೀನ್ದಾರರ ವಿಷಯವನ್ನು ಯಾರೂ ಎತ್ತಲಿಲ್ಲ, ಆ ತಿಂಗಳ ಕೊನೆಗೆ ಹುದ್ದೆ ನನಗೇ ಸಿಕ್ಕಿತು.

"ಏನಂದ್ರು?" ಎಂದು ಕೇಳಿದ ಅಪ್ಪ, ತನ್ನ ಬಲಗೈಯನ್ನು ಎಲ್ಲಿಡಬೇಕೆಂದು ತಿಳಿಯದೆ.

"ಸಾಹೇಬ್ರ ಹತ್ರ ಹೋಗಿ ತಪ್ಪಾಯ್ತು ಅಂತಾರಂತೆ. ನೀನು... ನೀನು ಸತ್ಯವಂತ ಅಂದ್ರು ಅಪ್ಪಾ."

ಅಪ್ಪ ಟವೆಲನ್ನು ಹೆಗಲಿನಿಂದ ತೆಗೆದು, ಕೊಡವಿ, ಮತ್ತೆ ಹಾಕಿಕೊಂಡ. "ಸಾಯ್ಬ್ರದು ಸರಿಹೋಯ್ತಲ್ಲ, ಸಾಕು ಬಿಡು" ಎಂದ. ದೊರೆಗೆ ಕೈಮುಗಿದ. ನನಗೆ ಬರ್ತೀನಿ ಎಂದು ಹೇಳುವಾಗ ಮಾತ್ರ ಅವನು ನನ್ನ ಮುಖ ನೋಡಲಿಲ್ಲ.