ಕಿಟಕಿಯ ಕೆಳಗಿನ ಮೆಟ್ಟಿಲು

ಮೊನ್ನೆ ಚಂದಾಪುರದ ಬಡಿಗನ ಅಂಗಡಿಯಲ್ಲಿ ಹಲಗೆಯ ಮೇಲೆ ಗೋಣಿತಟ್ಟು ಎಳೆದು ಮೊಳೆ ಹೊಡೆಯುವಾಗ ಅದರ ಘಾಟು ಮೂಗಿಗೆ ಬಡಿಯಿತು. ಧೂಳು, ಹಳೆಯ ಜೋಳ, ಎಣ್ಣೆ ಎಲ್ಲ ಬೆರೆತ ವಾಸನೆ... ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ.

ನಮ್ಮ ಮನೆಯ ಬೆಕ್ಕಿಗೆ ಈಗ ಹದಿಮೂರು ವರ್ಷ. ಹಿಂಗಾಲು ಎತ್ತಲಾಗದೆ ಮಗಳ ಮಂಚದ ಕೆಳಗೆ ನಿಂತು ಮೇಲೆ ನೋಡುತ್ತಿರುತ್ತದೆ. ಮಗಳು ಮೊಬೈಲಿನಲ್ಲಿ ಬೆಕ್ಕಿಗೆಂದೇ ಮಾರುವ ಮೆಟ್ಟಿಲುಗಳನ್ನು ತೋರಿಸಿದಳು. ಸ್ಪಂಜಿನದು ಬೇಡವೆಂದೆ. ವಯಸ್ಸಾದ ಬೆಕ್ಕಿನ ಕಾಲು ಒಮ್ಮೆ ಕುಸಿದರೆ ಅದು ಮತ್ತೆ ಹತ್ತುವುದಿಲ್ಲ. ಪ್ಲಾಸ್ಟಿಕ್ಕಿನದು ಜಾರುತ್ತದೆ. ಹಲಗೆಯದೇ ಆಗಬೇಕು, ಒಂದೊಂದು ಮೆಟ್ಟಿಲು ನಾಲ್ಕೇ ಬೆರಳು ಎತ್ತರ, ನಡುವೆ ನಿಂತು ದಣಿವಾರಿಸಿಕೊಳ್ಳುವಷ್ಟು ಅಗಲ, ಮೇಲೆ ಗೋಣಿ. ಅಲುಗಾಡಲೇಬಾರದು. ಇಷ್ಟನ್ನೂ ನಾನು ಯೋಚಿಸದೆ ಹೇಳಿದೆ. ಹೇಳಿಕೊಟ್ಟವರು ಶಹಾಬಾದಿನ ನರ್ಸಬಾಯಿ.

ಇಪ್ಪತ್ತು ವರ್ಷದ ಮೇಲಾಯಿತು. ನನಗಾಗ ಹೊಸದಾಗಿ ಮದುವೆಯಾಗಿತ್ತು. ಗಂಡನಿಗೆ ವಾಡಿಯಲ್ಲಿ ಕೆಲಸ, ನನಗೆ ಶಹಾಬಾದಿನ ಒಂದು ಶಾಲೆಯಲ್ಲಿ. ನಮ್ಮ ಬಾಡಿಗೆ ಮನೆಗೂ ನರ್ಸಬಾಯಿಯವರ ಮನೆಗೂ ಒಂದೇ ಅಂಗಳ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ, ಐವತ್ತು ದಾಟಿದ ಒಂಟಿ ಹೆಂಗಸು. ನಾನು ಅವರನ್ನು ಅಕ್ಕಾ ಎನ್ನುತ್ತಿದ್ದೆ, ಅವರು ನನ್ನನ್ನು ತಂಗಿ ಎನ್ನುತ್ತಿದ್ದರು. ಬಸಿರಿನಲ್ಲಿ ವಾಂತಿ ಹೆಚ್ಚಾದಾಗ ನುಚ್ಚಿನ ಗಂಜಿ ಕಾಸಿ ತಂದು, ಕುಡಿಯುವವರೆಗೂ ಎದುರಿಗೇ ಕುಳಿತಿರುತ್ತಿದ್ದರು.

ಅವರದೊಂದು ಬೂದು ಬಣ್ಣದ ಗಂಡು ಬೆಕ್ಕು. ಅರ್ಧ ಕಿವಿ ಇರಲಿಲ್ಲ. ಅವರು ಬಾಗಿಲಿಗೆ ಕೀಲಿ ಹಾಕಿ ಡ್ಯೂಟಿಗೆ ಹೋದರೆ ಬೆಕ್ಕು ಕಿಟಕಿಯಿಂದ ಒಳಹೊರಗೆ ಮಾಡುತ್ತಿತ್ತು. ಅದಕ್ಕೆಂದೇ ಒಂದು ಸರಳನ್ನು ಕೊಯ್ಸಿದ್ದರು. ಬೆಕ್ಕಿನ ಹಿಂಗಾಲು ಸೋತ ಮೇಲೆ ಮೆಟ್ಟಿಲಿನ ಹುಡುಕಾಟ ಶುರುವಾಯಿತು. ಮೊದಲು ಇಟ್ಟಿಗೆ ಇಟ್ಟರು, ಅಲುಗಾಡಿತು. ಆಮೇಲೆ ನೆಲಕ್ಕೆ ಹಾಸುವ ಫರಸಿ ಕಲ್ಲು. ನುಣುಪಾದ ಬದಿ ಮೇಲಾಗಿ ಇಟ್ಟರೆ ಜಾರಿತು, ಒರಟು ಬದಿ ಮೇಲಾಗಿ ಇಟ್ಟರೆ ಮಧ್ಯಾಹ್ನಕ್ಕೆ ಕಾದು ಪಾದ ಸುಟ್ಟಿತು. ಕೊನೆಗೆ ಹಣ್ಣಿನ ಪೆಟ್ಟಿಗೆಯ ಹಲಗೆ ಕೂಡಿಸಿ, ಗೋಣಿ ಹೊಡೆದು, ಆರು ಮೆಟ್ಟಿಲು ತಾವೇ ಮಾಡಿದರು. ಬೆಕ್ಕು ಹತ್ತಿ ಹೋದ ದಿನ ನನ್ನನ್ನು ಕೂಗಿ ಕರೆದರು. "ನೋಡು ತಂಗಿ, ರಾಜಾ ಹೋದ್ಹಾಂಗ ಹೋಗ್ಲಿಕತ್ತಾನ!"

ನಾನು ನಕ್ಕೆ. ನನಗೆ ಆ ಬೆಕ್ಕೆಂದರೆ ಅಸಹ್ಯವಿತ್ತು. ಅದರ ಪಿಚ್ಚುಗಣ್ಣು, ಮೈಯ ವಾಸನೆ...

ನನಗೆ ಆರು ತಿಂಗಳು ತುಂಬಿದಾಗ ತೆಂಗಳಿಯಿಂದ ಅತ್ತೆ ಬಂದರು. ಎರಡನೇ ದಿನವೇ ಹೇಳಿದರು, "ಬಸರ ಹೆಣ್ಮಗಳು ಮುಂಜಾನೆದ್ದು ಬೆಕ್ಕಿನ ಮಾರಿ ನೋಡಬಾರ್ದವಾ. ಅದನ್ನ ಇಲ್ಲಿಂದ ಹೊಂಡಸು." ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಅತ್ತೆಯ ಮಾತನ್ನು ನಂಬಿದೆ ಎಂದರೆ ಸುಳ್ಳಾಗುತ್ತದೆ. ಅದು ನೆವವಾಯಿತು, ಅಷ್ಟೇ.

ಶಾಲೆಗೆ ರಜೆಯಿದ್ದ ಒಂದು ದಿನ, ನರ್ಸಬಾಯಿ ಡ್ಯೂಟಿಗೆ ಹೋದ ಮೇಲೆ, ಆ ಮೆಟ್ಟಿಲನ್ನು ಎಳೆದು ತಂದು ನಮ್ಮ ಬಚ್ಚಲಿನ ಕಟ್ಟಿಗೆಯ ಹಿಂದೆ ಇಟ್ಟೆ. ಹತ್ತಲಾಗದಿದ್ದರೆ ಬೆಕ್ಕು ಬೇರೆಲ್ಲಾದರೂ ಹೋದೀತು ಎಂದುಕೊಂಡಿದ್ದೆ. ಅದು ಹೋಗಲಿಲ್ಲ. ಕಿಟಕಿಯ ಕೆಳಗೆ ಬಂದು, ಮೆಟ್ಟಿಲಿದ್ದ ಜಾಗಕ್ಕೆ ಮುಂಗಾಲು ಎತ್ತಿ ಗಾಳಿಯಲ್ಲಿ ಇಟ್ಟು, ಕೆಳಗಿಳಿಸಿತು. ಮತ್ತೆ ಎತ್ತಿತು. ನಾನು ನಮ್ಮ ಕಿಟಕಿಯಿಂದ ನೋಡುತ್ತಲೇ ಇದ್ದೆ. ಅಂಗಳದ ಗೇಟು ತೆರೆದಿತ್ತು. ಓಣಿಯ ನಾಯಿಗಳು ಬಂದಾಗ ನನ್ನ ಕೈ ಬಾಗಿಲ ಚಿಲಕದ ಮೇಲೇ ಇತ್ತು. "ತೆಗೀಬ್ಯಾಡ, ಮೈಮ್ಯಾಲೆ ಬಂದಾವು," ಎಂದರು ಅತ್ತೆ. ನಾನು ತೆಗೆಯಲಿಲ್ಲ. ಕೂಗು ನಿಲ್ಲಲು ಬಹಳ ಹೊತ್ತು ಹಿಡಿಯಿತು.

ಸಂಜೆ ನರ್ಸಬಾಯಿ ಬಂದು, ಉಳಿದದ್ದನ್ನು ಬಿಳಿ ಸೀರೆಯ ಸೆರಗಿನಲ್ಲಿ ಎತ್ತಿಕೊಂಡರು. ಅಳಲಿಲ್ಲ. ಕಿಟಕಿಯ ಕೆಳಗೆ ನೋಡಿ ಕೇಳಿದರು, "ಮೆಟ್ಲಾ ಎಲ್ಲಿ ಹೋದ್ವು ತಂಗಿ?"

"ಗುಜರಿ ಆಯುವಾಕಿ ಬಂದಿದ್ಳಕ್ಕಾ... ಆಕೀನೇ ಒಯ್ದಿರಬೇಕು," ಎಂದೆ. ಅವಳು ಅಂದು ಬಂದಿದ್ದು ನಿಜ. ಒಡೆದ ಬಕೀಟೊಂದನ್ನು ನಾನೇ ಅವಳ ಚೀಲಕ್ಕೆ ಹಾಕಿದ್ದೆ.

ಮರುದಿನ ಅವಳು ಎಂದಿನಂತೆ ಓಣಿಗೆ ಬಂದಳು. ನರ್ಸಬಾಯಿ ಕಾಲಿನ ಚಪ್ಪಲಿ ತೆಗೆದು ಅವಳ ಮುಖಕ್ಕೆ ಹೊಡೆದರು. ಎಂದೂ ದನಿ ಎತ್ತಿದವರಲ್ಲ ಅವರು. ಓಣಿಯವರೆಲ್ಲ ಕೂಡಿದರು. ಯಾರೋ ಅವಳ ಚೀಲವನ್ನು ನೆಲಕ್ಕೆ ಸುರುವಿದರು. "ನಾ ಒಯ್ದಿಲ್ರಿ ಯವ್ವಾ, ನನ್ನ ಮಕ್ಕಳ ಆಣಿ," ಎಂದು ಅಳುತ್ತ ಅವಳು ನನ್ನ ಕಡೆ ಕೈ ತೋರಿಸಿದಳು. "ಈ ಟೀಚರಬಾಯಿಗಿ ಕೇಳ್ರಿ, ಅವರು ನೋಡ್ಯಾರ."

ಎಲ್ಲರೂ ನನ್ನತ್ತ ತಿರುಗಿದರು. "ಹೂಂ, ನೀ ಬಂದಿದ್ದಿ. ನಾ ನೋಡೀನಿ," ಎಂದೆ.

ಅವಳು ಅಳುವುದನ್ನು ನಿಲ್ಲಿಸಿ ಒಂದು ಕ್ಷಣ ನನ್ನನ್ನು ದಿಟ್ಟಿಸಿದಳು. ಆಮೇಲೆ ಚೆಲ್ಲಿದ್ದನ್ನೂ ಆರಿಸಿಕೊಳ್ಳದೆ ಹೊರಟುಹೋದಳು. ಆ ಓಣಿಗೆ ಮತ್ತೆ ಬರಲಿಲ್ಲ.

ಹೆರಿಗೆಯ ಹೊತ್ತಿನಲ್ಲಿ ನನ್ನ ತಲೆಯ ಬಳಿ ನಿಂತವರು ನರ್ಸಬಾಯಿಯೇ. ಮನೆಗೆ ಬಂದ ಮೇಲೆ ದಿನವೂ ಕೂಸಿಗೆ ಎರೆಯಲು ಬರುತ್ತಿದ್ದರು. ಒಂದು ಮುಂಜಾನೆ ಹಂಡೆಯ ನೀರು ನೋಡಲು ಒಲೆಯ ಮುಂದೆ ಕುಳಿತರು. ಅತ್ತೆ ಕಟ್ಟಿಗೆಯ ಹಿಂದಿದ್ದ ಮೆಟ್ಟಿಲನ್ನು ಒಡೆದು ಒಲೆಗೆ ಇಟ್ಟಿದ್ದರು. ಹೊರಗೆ ಚಾಚಿದ್ದ ಹಲಗೆಯ ತುದಿಯಲ್ಲಿ ಗೋಣಿಯ ಚೂರು, ಅವರೇ ಹೊಡೆದ ಮೊಳೆಗಳು. ಅವರು ಅದನ್ನೇ ನೋಡುತ್ತ ಕುಳಿತರು. ನಾನು ಬಾಗಿಲಲ್ಲಿ ನಿಂತಿದ್ದೆ.

ಆಮೇಲೆ ಮೊಣಕೈ ಅದ್ದಿ ನೀರಿನ ಹದ ನೋಡಿ, ಕೂಸಿಗೆ ಎರೆದರು. ಮೈ ಒರೆಸಿದರು. ಬಟ್ಟೆ ಸುತ್ತಿ ನನ್ನ ಕೈಗೆ ಕೊಡುತ್ತ ಹೇಳಿದರು:

"ಬೆಕ್ಕು ಹೋತು, ಅದು ಇನ್ನೆಷ್ಟ ದಿನ ಇರ್ತಿತ್ರಿ ಟೀಚರ್. ಆದ್ರ ಆಕೀಗಿ ನಾ ಚಪ್ಪಲಿಲೆ ಹೊಡದೀನಿ."

ತಂಗಿ ಎನ್ನಲಿಲ್ಲ. ಅಂದಿನಿಂದ ಅವರು ನಮ್ಮ ಮನೆಯೊಳಗೆ ಕಾಲಿಡಲಿಲ್ಲ.

ರಜೆಯ ದಿನ ಬಂದರೆ ಅವರು ಆ ಹೆಂಗಸನ್ನು ಹುಡುಕಿಕೊಂಡು ಹೋಗುತ್ತಿದ್ದರಂತೆ. ವಾಡಿಯ ಸ್ಟೇಶನ್ನಿನ ಹಿಂದೆ, ಚಿತ್ತಾಪುರದ ಸಂತೆಯಲ್ಲಿ, ಗುಜರಿ ಅಂಗಡಿಗಳ ಮುಂದೆ, ನೋಯುವ ಮೊಣಕಾಲು ಎಳೆಯುತ್ತ... ಸಿಗಲಿಲ್ಲವಂತೆ. ಹೆಸರೇ ಗೊತ್ತಿಲ್ಲದವಳನ್ನು ಏನೆಂದು ಕೇಳಿಯಾರು? ಮುಂದೆ ಸೇಡಂಗೆ ವರ್ಗವಾಗಿ ಹೋದರು. ಸೇಡಂ ಹಾದು ನಾನು ಎಷ್ಟೋ ಸಲ ಬಸ್ಸಿನಲ್ಲಿ ಹೋದೆ, ಇಳಿಯಲಿಲ್ಲ. ಅವರು ತೀರಿಕೊಂಡು ಮೂರು ವರ್ಷವಾಗಿದೆ ಎಂದು ಹೋದ ಬೇಸಿಗೆಯಲ್ಲಿ ಯಾರೋ ಹೇಳಿದರು. ಇನ್ನು ತಪ್ಪಾಯಿತೆಂದು ಹೇಳಲು ಅವರೂ ಇಲ್ಲ. ಆ ಗುಜರಿಯವಳು ಎಲ್ಲಿದ್ದಾಳೋ, ನಾನು ಎಂದೂ ಹುಡುಕಲಿಲ್ಲ.

ಮನೆಗೆ ತಂದ ಮೆಟ್ಟಿಲನ್ನು ಬೆಕ್ಕು ಎರಡು ದಿನ ಬರೀ ಮೂಸಿ ನೋಡಿತು. ನಿನ್ನೆ ಒಂದೊಂದೇ ಮೆಟ್ಟಿಲು ಹತ್ತಿ ಮಂಚ ಸೇರಿತು. ಮಗಳಿಗೆ ಹಿಡಿಸಲಾರದಷ್ಟು ಖುಷಿ. ಈ ಅಳತೆಯೆಲ್ಲ ಯಾರು ಹೇಳಿಕೊಟ್ಟರು ಎಂದು ಕೇಳಿದಳು. ನಿನಗೆ ಮೊದಲು ನೀರೆರೆದವರು, ತಮ್ಮ ಬೆಕ್ಕಿಗೆಂದು ಮಾಡಿದ್ದರು ಎಂದೆ.

"ಅವರ ಬೆಕ್ಕು ಹ್ಯಾಂಗ ಸತ್ತಿತ್ತವಾ?"

"ವಯಸ್ಸಾಗಿತ್ತು," ಎಂದೆ.