ಜಪಾನ್ ಬರ್ಗರ್ ಮತ್ತು ಅತ್ತೆಯ ಇಳಕಲ್ ಸೀರೆ

ನಮ್ಮ ಅತ್ತೆ ತಮ್ಮ ಇಳಕಲ್ ಸೀರೆಯನ್ನು ನನಗೆ ಕೊಟ್ಟುಬಿಟ್ಟರು. ಖುಷಿಯಾಗಬೇಕಿತ್ತು. ಗಾಬರಿಯಾಯಿತು.

ಆ ಸೀರೆಯ ಮಡಿಕೆ ಬಿಚ್ಚಲೂ ಅವರು ಯಾರನ್ನೂ ಬಿಟ್ಟವರಲ್ಲ. "ಇನ್ನ ನಂಗ್ಯಾಕವ್ವಾ? ನೀನ ಉಟ್ಕೋ" ಅಂದರು. ಮರುದಿನ ಬೆಳ್ಳಿಯ ಕುಂಕುಮ ಭರಣಿ ನಾದಿನಿಯ ಮನೆಗೆ ಹೋಯಿತು.

ಅವರಿಗೆ ಬಂದಿದ್ದ ಜ್ವರ ಬಿಟ್ಟಿತ್ತು. ಹಸಿವು ಮಾತ್ರ ತಿರುಗಿ ಬಂದಿರಲಿಲ್ಲ. ಎರಡು ತುತ್ತು ಮಜ್ಜಿಗೆ ಅನ್ನ ಉಂಡು ತಟ್ಟೆ ಸರಿಸುತ್ತಿದ್ದರು. ಜುಣಕ ಮಾಡಿದೆ, ಎಣ್ಣೆಗಾಯಿ ಮಾಡಿದೆ. (ಎಣ್ಣೆಗಾಯಿ ಬೇಡ ಅಂದವರನ್ನು ನಮ್ಮ ಮನೆಯಲ್ಲಿ ನಾನು ಕಂಡಿದ್ದು ಅದೇ ಮೊದಲು.)

ಸತ್ತೂರಿನ ಆಸ್ಪತ್ರೆಯ ಡಾಕ್ಟರು, "ರಿಪೋರ್ಟ್ ಎಲ್ಲಾ ಛಲೋ ಅದಾವ್ರಿ. ಏನ್ ಬೇಡ್ತಾರೋ ಅದನ್ನ ತಿನಸ್ರಿ" ಅಂದರು. ಏನನ್ನೂ ಬೇಡದವರಿಗೆ ಏನು ತಿನ್ನಿಸುವುದು, ನೀವೇ ಹೇಳಿ.

ವಾಪಸ್ ಬರುವಾಗ ವಿದ್ಯಾನಗರದಲ್ಲಿ ನಮ್ಮ ಯಜಮಾನರಿಗೆ ಹಸಿವಾಯಿತು. ಕಾರು ಬರ್ಗರ್ ಅಂಗಡಿಯ ಮುಂದೆ ನಿಂತಿತು. ಒಳಗೆ ಗುಲಾಬಿ ಬಣ್ಣದ ಕಾಗದದ ಹೂವುಗಳು, ಒಂದು ಬೋರ್ಡು: ಜಪಾನ್ ರುಚಿ, ಈ ಸೀಸನ್‌ಗೆ ಮಾತ್ರ. ಯಜಮಾನರು ಅದರಲ್ಲೇ ಮೂರು ವೆಜ್ ಆರ್ಡರ್ ಮಾಡಿದರು.

"ನಂಗ ಬ್ಯಾಡ. ನಾ ಸುಮ್ನ ಕುಂದರತೇನಿ" ಅಂದರು ಅತ್ತೆ.

ಟ್ರೇ ಬಂತು. ಬನ್ನಿನ ಮೇಲೆ ಒತ್ತಾಗಿ ಕರಿ ಎಳ್ಳು, ಬಿಳಿ ಎಳ್ಳು. ಅತ್ತೆ ಬಗ್ಗಿ ನೋಡಿದರು. ಬೆರಳಾಡಿಸಿದರು.

"ಸಜ್ಜಿ ರೊಟ್ಟಿಗೆ ಹಚ್ಚಿದಂಗ ಹಚ್ಚ್ಯಾರಲ್ಲೋ! ಜಪಾನದಾಗೂ ಭೋಗಿ ಮಾಡ್ತಾರೇನು?"

ಸಂಕ್ರಾಂತಿಯ ಹಿಂದಿನ ದಿನ ನಮ್ಮಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಆಗಲೇಬೇಕು.

"ಮಾಡ್ತಿರಬೇಕು ತಗೋ ಅವ್ವಾ" ಅಂದರು ಯಜಮಾನರು. ಬಾಯಿ ತುಂಬ ಬರ್ಗರ್ ಇತ್ತು.

ಅತ್ತೆ ಬರ್ಗರ್ ಬಿಚ್ಚಿದರು. ಮೇಲಿನ ಬನ್ನು ಒಂದು ಕಡೆ, ವಡೆಯಂಥದ್ದು ಇನ್ನೊಂದು ಕಡೆ. ಸಾಸ್ ನೆಕ್ಕಿ, "ಹುಣಸಿ ಗೊಜ್ಜು. ಬೆಲ್ಲ ಜಾಸ್ತಿ ಆಗೈತಿ" ಎಂದು ತೀರ್ಪು ಕೊಟ್ಟರು. ನನ್ನ ಬ್ಯಾಗಿನಿಂದ ಶೇಂಗಾ ಚಟ್ನಿಯ ಡಬ್ಬಿ ತೆಗೆದರು. (ಆಸ್ಪತ್ರೆಗೆ ಹೋಗುವಾಗ ಚಟ್ನಿ ಡಬ್ಬಿ ಯಾಕೆ ಎಂದು ಹೊರಗಿನವರು ಕೇಳಬಹುದು. ನಮ್ಮವರು ಕೇಳುವುದಿಲ್ಲ.) ಪುಡಿ ಉದುರಿಸಿ, ಬನ್ನು ಮುರಿದು, ವಡೆಯನ್ನು ಪಲ್ಯದಂತೆ ಹಚ್ಚಿಕೊಂಡು ಪೂರ್ತಿ ಉಂಡರು.

ಪಕ್ಕದ ಟೇಬಲ್ಲಿನ ಕಾಲೇಜು ಹುಡುಗಿ ನೋಡುತ್ತಲೇ ಇದ್ದವಳು, "ಅಜ್ಜಿ, ನಮಗೂ ಒಂಚೂರ್ ಹಾಕ್ರಿ" ಅಂದಳು. ಹಾಕಿದರು.

ಅವರು ಉಣ್ಣುವಷ್ಟು ಹೊತ್ತೂ ನಾವಿಬ್ಬರೂ ನಮ್ಮ ನಮ್ಮ ಬರ್ಗರನ್ನೇ ನೋಡುತ್ತಾ ಕೂತಿದ್ದೆವು. ಮಾತಾಡಿದರೆ ಎಲ್ಲಿ ನಿಲ್ಲಿಸುತ್ತಾರೋ ಎಂಬ ಹೆದರಿಕೆ.

ಆಮೇಲೆ ಆಗಾಗ ಹೋದೆವು. ಮನೆಯಲ್ಲಿ ಮಜ್ಜಿಗೆ ಅನ್ನ, ಅಲ್ಲಿ ಪೂರ್ತಿ ಬರ್ಗರ್. ನಾನು ಬೇಜಾರು ಮಾಡಿಕೊಳ್ಳಲಿಲ್ಲ. (ಸ್ವಲ್ಪ ಮಾಡಿಕೊಂಡೆ.)

ಕಳೆದ ಭಾನುವಾರ ಹೋದರೆ ಕಾಗದದ ಹೂವೂ ಇಲ್ಲ, ಬೋರ್ಡೂ ಇಲ್ಲ.

"ಸೀಸನ್ ಮುಗೀತ್ರಿ. ಬ್ಯಾರೆ ಕೊಡ್ಲ್ಯಾ?" ಅಂದಳು ಕೌಂಟರಿನ ಹುಡುಗಿ.

ಯಜಮಾನರು ದನಿ ಏರಿಸಿದರು: "ನಮ್ಮವ್ವ ಅದೊಂದನ್ನ ತಿಂತಾಳ್ರಿ. ಒಂದರ ಮಾಡಿ ಕೊಡ್ರಿ!"

ಅತ್ತೆ ಮಗನ ತೋಳು ಜಗ್ಗಿದರು. "ಸುಮ್ನಿರೋ. ಸೀತನಿ ಮುಗದ ಮ್ಯಾಲ ಹೊಲದಾಗ ನಿಂತು ಜಗಳಾ ತೆಗೀತೀಯೇನು?"

ಸೀತನಿ ಎಂದರೆ ಸುಟ್ಟ ಎಳೆ ಜೋಳದ ತೆನೆ. ಕಾಳು ಬಲಿಯುವವರೆಗಷ್ಟೇ ಅದರ ರುಚಿ. ಫ್ರಿಜ್ಜಿನಲ್ಲಿ ವರ್ಷವಿಡೀ ಬಟಾಣಿ ಇಟ್ಟುಕೊಳ್ಳುವ ನಮಗೆ 'ಮುಗೀತು' ಅಂದರೆ ಸಿಟ್ಟು ಬರುತ್ತದೆ. ಅತ್ತೆಗೆ ಅದು ಬರೀ ಸುದ್ದಿ.

ಅವರು ಹುಡುಗಿಯತ್ತ ತಿರುಗಿದರು. "ಮತ್ತ ಯಾವಾಗ ಬರತೈತಿ ಹೇಳು ತಂಗಿ?"

"ಮುಂದಿನ ವರ್ಷ ಬರಬಹುದ್ರಿ ಅಜ್ಜಿ."

"ಬರಬಹುದು ಅಲ್ಲ. ನಾ ಬರ್ತೇನಿ. ತರಿಸಿಡು."

ಅವತ್ತು ರಾತ್ರಿ ಎಣ್ಣೆಗಾಯಿ ಬಡಿಸಿದೆ. ಉಂಡು, ಉಪ್ಪು ಕಡಿಮೆ ಅಂದರು. ಅಷ್ಟು ಒಳ್ಳೆಯ ಮಾತನ್ನು ಅವರ ಬಾಯಲ್ಲಿ ಕೇಳಿ ಬಹಳ ದಿನವಾಗಿತ್ತು. ಕೈ ತೊಳೆದು ಬಂದು ಕೇಳಿದರು: "ಆ ಇಳಕಲ್ ಸೀರಿ ಎಲ್ಲಿಟ್ಟೀ? ಮುಂದಿನ ವರ್ಷ ಜಪಾನ್ ಸೀಸನ್‌ಗೆ ಉಟ್ಕೊಂಡ್ ಹೋಗಾಕ ಬೇಕು."

ಕೊಟ್ಟೆ. ಒಂದು ಸಲವೂ ಉಟ್ಟಿರಲಿಲ್ಲ.

ಈಗ ಕುಂಕುಮ ಭರಣಿಯ ವಿಷಯ ನಾದಿನಿಗೆ ಹೇಳುವವರು ಯಾರು?