ಕೂಸಿಗೇನು ಅವಸರ

ಮನುಷ್ಯ ಇನ್ನು ಮುಂದೆ ನೂರೈವತ್ತು ವರ್ಷ ಬದುಕುತ್ತಾನಂತೆ ಎಂದು ಯಾರಾದರೂ ನನ್ನ ಮುಂದೆ ಸಂಭ್ರಮದಿಂದ ಹೇಳಿದರೆ ನನಗೆ ಮೈ ಉರಿಯುತ್ತದೆ. ಬದುಕಲಿ ಬಿಡಿ, ಬೇಡ ಅಂದವರು ಯಾರು? ಆದರೆ ಆ ಹೆಚ್ಚಿನ ವರ್ಷಗಳನ್ನು ಯಾರ ತಾಟಿನಿಂದ ಎತ್ತಿಕೊಳ್ಳುತ್ತೀರಿ ಎಂದು ಕೇಳಿ ನೋಡಿ, ಒಬ್ಬರೂ ಬಾಯಿ ಬಿಡುವುದಿಲ್ಲ. ಈಗಿನವರಿಗೆ ಇದು ಹೊಸ ಸುದ್ದಿ. ನಮ್ಮ ಮನೆಗೆ ಅದು ಬ್ರಿಟಿಷರ ಕಾಲದಲ್ಲಿ, ಇಪ್ಪತ್ತರ ದಶಕದಲ್ಲೇ ಬಂದಿತ್ತು. ತಂದವರು ನನ್ನ ಮಾವ.

ನಾನು ಖಾನಾಪುರದವಳು. ಬೆಳಗಾವಿ ಪೇಟೆಯ ಮನೆಗೆ ಸೊಸೆಯಾಗಿ ಬಂದಾಗ ಅಲ್ಲಿ ಹೆಂಗಸೆಂದರೆ ನಾನೊಬ್ಬಳೇ. ಅತ್ತೆ ಇನ್‌ಫ್ಲುಯೆಂಜಾ ಬೇನೆಯಲ್ಲಿ ಹೋಗಿದ್ದರು. ನಗುನಗುತ್ತಾ ರೊಟ್ಟಿ ಬಡಿಯುತ್ತಿದ್ದವರು ಮಲಗಿ, ವಾರ ಕಳೆಯುವುದರೊಳಗೆ ಇರಲಿಲ್ಲವಂತೆ. ಮಾವನಿಗೆ ಸಾವಿನ ಹೆದರಿಕೆ ಹೊಕ್ಕಿದ್ದು ಆಗಲೇ. ಕಚೇರಿಯ ಕೆಲಸ ಮುಗಿದು ಪಿಂಚಣಿ ಪಡೆದು ಮನೆಯಲ್ಲಿ ಕೂತಮೇಲೆ ಅದು ಇನ್ನೂ ಬಲಿಯಿತು. ಒಂದು ಸೀನು ಬಂದರೆ ಸಾಕು, ತಮ್ಮ ನಾಡಿಯನ್ನು ತಾವೇ ಹಿಡಿದು ಕೂತುಬಿಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಆಗ ನನಗೆ ಅವರ ಮೇಲೆ ಕನಿಕರವೇ ಇತ್ತು.

ಒಂದು ದಿನ ಊರಿನ ದಂಡು ಇರುವ ಕ್ಯಾಂಪಿನಲ್ಲಿ ಸೈನ್ಯದ ಕೆಲಸ ಬಿಟ್ಟು ಬಂದ ಡಾಕ್ಟರರೊಬ್ಬರ ಭಾಷಣವಿತ್ತು. ಕೇಳಿ ಬಂದ ಮಾವ ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದರು.

"ಕೇಳಿದೇನವಾ? ವಿಲಾಯತಿ ಕಡೆ ಗುಡ್ಡದಾಗ ಕುರಿ ಕಾಯೋ ಮಂದಿ ಮೊಸರ ತಿಂದು ನೂರ ವರ್ಷ ದಾಟತಾರಂತ! ಇನ್ನ ಮುಂದ ಮನಶ್ಯಾ ನೂರೈವತ್ತ ವರ್ಷ ಬಾಳತಾನಂತ. ಮುಪ್ಪು ಅಂದ್ರ ಮತ್ತೇನಲ್ಲ, ಹೊಟ್ಟ್ಯಾಗಿನ ಹೊಲಸು. ಮೊಸರು ಅದನ್ನ ತೊಳೀತೈತಿ."

"ಹಂಗಾರ ನಾಳಿಂದ ದೊಡ್ಡ ಗಡಿಗ್ಯಾಗ ಹೆಪ್ಪ ಹಾಕತೀನಿ ಬಿಡ್ರಿ ಮಾವಾರ" ಎಂದು ನಾನು ನಕ್ಕೆ. ಅವರು ನಗಲಿಲ್ಲ.

ಆಗ ನನ್ನ ಮಗಳಿಗೆ ವರ್ಷ ತುಂಬಿರಲಿಲ್ಲ. ನಾನು ಜ್ವರದಲ್ಲಿ ಬಿದ್ದು ಎದ್ದು, ಎದೆಹಾಲು ಬತ್ತಿಹೋಗಿತ್ತು. ಸುದ್ದಿ ಕೇಳಿ ನನ್ನ ಅಪ್ಪ ಖಾನಾಪುರದಿಂದ ಕರೆಯುವ ಎಮ್ಮೆಯೊಂದನ್ನು ಕರುವಿನ ಸಮೇತ ಹೊಡೆದುಕೊಂಡು ಬಂದು, ಹಗ್ಗ ನನ್ನ ಕೈಗೆ ಕೊಟ್ಟಿದ್ದ. ತವರಿನವರು ಮಗಳಿಗೆ ಹೀಗೆ ಕೊಡುವುದನ್ನು ನಮ್ಮ ಕಡೆ ಹೈನ ಎನ್ನುತ್ತಾರೆ. "ಕೂಸು ಹೊಟ್ಟಿ ತುಂಬ ಕುಡೀಲಿ" ಎಂದು ಹೇಳಿ ಹೋಗಿದ್ದ. ಹೊಟ್ಟೆ ತುಂಬ ಕುಡಿದವರು ಬೇರೆ.

ಮೊದಲು ಮಾವನಿಗೆ ದಿನಕ್ಕೊಂದು ಬಟ್ಟಲು ಮೊಸರು. ಆಮೇಲೆ ಹೊತ್ತಿಗೊಂದು ಬಟ್ಟಲು. ಬೇಸಿಗೆ ಬಂದು ಎಮ್ಮೆ ಹಾಲು ಕಡಿಮೆ ಮಾಡಿದಾಗ ಇದ್ದದ್ದೆಲ್ಲ ಅವರ ಗಡಿಗೆಗೇ ಹೋಯಿತು. ಗೌಳಿ ತರುವ ಹಾಲು ಅವರಿಗೆ ಆಗದು. ಯಾವ ಹಳ್ಳದ ನೀರು ಬೆರೆಸಿರುತ್ತಾನೋ ಎಂಬ ಸಂಶಯ. ಹಾಗಾಗಿ ಹಳ್ಳದ ನೀರಿನ ಹಾಲು ಕೂಸಿಗೆ! ಅದಕ್ಕೆ ಭೇದಿ ಹತ್ತಿತು. ತುಂಬಿದ ತೊಡೆಗಳು ಸೊರಗಿ ಚರ್ಮ ಜೋತುಬಿತ್ತು. ಗಂಡನಿಗೆ ಹೇಳಿದೆ. ಅವರು ಶಾಲೆಯ ಮಾಸ್ತರರು, ಇಡೀ ವರ್ಗವನ್ನು ಗದರಿಸಿ ಕೂಡಿಸುವವರು, ಅಪ್ಪನ ಮುಂದೆ ಮಾತ್ರ ಉಗುಳು ನುಂಗುತ್ತಿದ್ದರು. ಕೊನೆಗೆ ನಾನೇ ಹೋಗಿ ಕೇಳಿದೆ.

"ಮಾವಾರ, ಮನಿ ಹಾಲು ಕೂಸಿಗೆ ಬೇಕ್ರಿ. ಎಮ್ಮಿ ಬಂದದ್ದ ಅದರ ಸಲುವಾಗಿ."

ಅವರು ಸಿಟ್ಟಾಗಿದ್ದರೆ ನಾನೂ ಜಗಳ ಮಾಡಿ ಹಗುರಾಗುತ್ತಿದ್ದೆ. ಸಿಟ್ಟಾಗಲಿಲ್ಲ. ಬಾಜೂಕ್ಕೆ ಕೂಡಿಸಿಕೊಂಡು ಸಮಾಧಾನದಿಂದ ತಿಳಿಸಿ ಹೇಳಿದರು.

"ಶಾಣ್ಯಾಕಿ ಅದಿ, ತಿಳಕೋ ತಂಗಿ. ಕೂಸಿಗೇನ ಅವಸರ? ಅದರ ಮುಂದ ಇಡೀ ಆಯುಷ್ಯ ಬಿದ್ದೈತಿ, ಬೇಕಾದಷ್ಟ ಕುಡೀತೈತಿ. ಅವಸರ ಇರೂದು ನನಗ."

ಮರುದಿನ ಬೆಳಿಗ್ಗೆ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು, ಎಮ್ಮೆಯ ಹಗ್ಗ ಹಿಡಿದು, ಕರುವನ್ನು ಹಿಂದೆ ಬಿಟ್ಟುಕೊಂಡು, ನೇರ ಖಾನಾಪುರದ ದಾರಿ ಹಿಡಿದೆ. ರೈಲು ಇತ್ತು, ಆದರೆ ಎಮ್ಮೆಯನ್ನು ಬಿಟ್ಟು ಹತ್ತಲು ನಾನೇನು ಹುಚ್ಚಿಯೇ? ದಾರಿಯಲ್ಲಿ ಗಾಡಿ ಹೊಡೆಯುವವನೊಬ್ಬ ಚೇಷ್ಟೆ ಮಾಡಿದ.

"ಏನ ಬಾಯಾರ, ಎಮ್ಮಿ ಹೊಡಕೊಂಡ ತವರಿಗೆ ಹೊಂಟೀರಿ. ಗಂಡನ್ನ ಯಾಕ ಬಿಟ್ಟ ಬಂದ್ರಿ?"

"ಅವರು ಹಾಲು ಕೊಡೂದಿಲ್ಲೋ ಯಪ್ಪಾ!" ಅಂದೆ. ಅವನು ಬಿದ್ದು ಬಿದ್ದು ನಕ್ಕ. ಸಂಜೆಯವರೆಗೆ ಕಾಲು ಸೋಲುವಷ್ಟು ನಡೆದರೂ ನನಗೆ ಗೆದ್ದ ಸಂತೋಷವಿತ್ತು.

ಬಾಗಿಲಲ್ಲಿ ನಿಂತಿದ್ದ ಅಪ್ಪ ಮೊದಲು ನೋಡಿದ್ದು ಎಮ್ಮೆಯನ್ನು. ಕೂಸನ್ನಲ್ಲ, ನನ್ನನ್ನೂ ಅಲ್ಲ. "ಕೊಟ್ಟ ಹೈನ ಹೊಳ್ಳಿ ತಂದ್ಯಾ? ಎರಡೂ ಮನೀ ಹಾಲು ನಿಲ್ಲತೈತಲ್ಲೇ ಹುಚ್ಚಿ!" ಎಂದು ಹಣೆ ಬಡಿದುಕೊಂಡ. ಅವನು ಅದನ್ನು ಮನಸ್ಸಿನಿಂದ ನಂಬಿದ್ದ. ಮರುದಿನವೇ ಆಳಿನ ಜೊತೆ ಎಮ್ಮೆ, ಕರು ಎರಡನ್ನೂ ಬೆಳಗಾವಿಗೆ ಕಳಿಸಿದ. ಮೊಮ್ಮಗಳ ಹಾಲಿಗಿಂತ ಶಕುನ ದೊಡ್ಡದಾಯಿತು.

ತವರಿನ ಇನ್ನೊಂದು ಎಮ್ಮೆ ಗಬ್ಬವಾಗಿ ಬತ್ತಿತ್ತು. ನನ್ನ ಕೂಸನ್ನು ಉಳಿಸಿದವಳು ಬಾಜೂ ಮನೆಯ ಮರಾಠಿ ಅಜ್ಜಿ. ಅವಳು ಆಡು ಸಾಕಿದ್ದಳು. ಮಗ ಚಹಾಕ್ಕೆ ಹಾಲು ಕೇಳಿದರೆ "ಆಧೀ ಬಾಳಾಲಾ!" ಎಂದು ಗದರಿಸಿ, ಮೊದಲು ಕೂಸಿಗೇ ತಂದುಕೊಡುತ್ತಿದ್ದಳು. ನೋಡುನೋಡುತ್ತಾ ಭೇದಿ ನಿಂತಿತು. ಕೆನ್ನೆ ತುಂಬಿತು. ಕಂಬ ಹಿಡಿದು ಎದ್ದು ನಿಂತು, ತಾನೇ ಆಶ್ಚರ್ಯಪಟ್ಟು ನಕ್ಕಿತು. ಆ ದಿನಗಳಷ್ಟು ಸುಖ ನನಗೆ ಆಮೇಲೆ ಸಿಗಲಿಲ್ಲ.

ಮಳೆ ಹಿಡಿಯುವ ಹೊತ್ತಿಗೆ ಗಂಡ ಬಂದರು. ಮಗಳನ್ನು ಎತ್ತಿ ಮುದ್ದಾಡಿದರು, ಅದನ್ನೂ ಹೇಳಬೇಕು. ಆಮೇಲೆ ಬಂದ ಕೆಲಸ ಹೇಳಿದರು.

"ಅಪ್ಪಾರ ಮೊಸರು ಸರಿ ಆಗವಲ್ದು. ಒಂದ ದಿನ ನೀರು, ಒಂದ ದಿನ ಹುಳಿ. ಹೆಪ್ಪ ಹಾಕಾವ್ರ ಯಾರೂ ಇಲ್ಲ."

"ಮತ್ತ ನನ್ನ ಕೂಸು?"

"ಅರ್ಧಾ ಹಾಲು ಅದಕ್ಕ. ಅಪ್ಪಾರು ಒಪ್ಪ್ಯಾರ. ಖರೇನ, ನಿನ್ನಾಣಿ."

ನಾನು ಒಲ್ಲೆ ಎಂದೆ. ನನ್ನ ಅಪ್ಪ ಬಿಡಲಿಲ್ಲ. "ಮಾತ ಕೊಟ್ಟಾರಲ್ಲವಾ, ನಡಿ. ಲಗ್ನ ಆದಾಕಿ ಎಷ್ಟ ದಿನಾ ಇಲ್ಲಿ ಕುಂದರತಿ?" ಎಂದ. ಮರಾಠಿ ಅಜ್ಜಿ ಮಾತ್ರ ಕೂಸನ್ನು ಕೊಡಲಾರದೆ ಕೊಟ್ಟಳು.

ಕೊಟ್ಟ ಮಾತು ಮಳೆ ಜೋರಾಗುವವರೆಗೆ ನಡೆಯಿತು. ಅಷ್ಟರಲ್ಲಿ ಮಾವನಿಗೆ ನೆಗಡಿಯಾಯಿತು. ಬರೀ ನೆಗಡಿ! ಅತ್ತೆಯನ್ನು ಒಯ್ದ ಬೇನೆಯೇ ತಮ್ಮನ್ನು ಹುಡುಕಿಕೊಂಡು ಬಂತೆಂದು ಗಡಗಡ ನಡುಗಿದರು. ಮಳೆಗಾಲ ಮುಗಿಯುವ ತನಕ ಹಾಲೆಲ್ಲ ತಮಗೇ ಇರಲಿ ಎಂದರು. ನಾನು ಕೂಗಾಡಿದೆ, ಗಡಿಗೆಗೆ ಕೈ ಹಾಕಿದೆ. ಗಂಡ ನನ್ನ ಕೈ ಹಿಡಿದರು. ಆ ಮನುಷ್ಯ ಮದುವೆಯಾದಮೇಲೆ ಗಟ್ಟಿಯಾಗಿ ಏನಾದರೂ ಹಿಡಿದಿದ್ದರೆ ಅದೊಂದೇ. ಗೌಳಿಯ ಹಾಲು ಮತ್ತೆ ಬಂತು, ಭೇದಿಯೂ ಬಂತು. ಶ್ರಾವಣ ಕಾಣುವ ಮೊದಲೇ ನನ್ನ ಮಗಳು ಹೋದಳು.

ಮಾತಾಡಿಸಲು ಬಂದ ಓಣಿಯವರು ಪಡಸಾಲೆಯಲ್ಲಿ ಕೂತಿದ್ದರು. ಮಾವ ಕಣ್ಣೊರೆಸಿಕೊಂಡು ಅವರಿಗೆ ಹೇಳಿದರು: "ಅದರ ಆಯುಷ್ಯ ಅಷ್ಟ ಇತ್ತು. ಯಾರ ಏನ ಮಾಡಾಕ ಬರತೈತಿ?"

ನಾನು ಒಳಗಿನಿಂದ ಎದ್ದು ಬಂದೆ. "ಆಯುಷ್ಯ ಇತ್ರಿ ಮಾವಾರ. ನೀವು ಉಂಡ್ರಿ" ಅಂದೆ.

ಹೆಂಗಸರು ನನ್ನನ್ನು ಒಳಗೆ ಎಳೆದುಕೊಂಡು ಹೋದರು. ಸಂಕಟಕ್ಕೆ ತಲೆ ಕೆಟ್ಟಿದೆ ಪಾಪ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಮಾವನಿಗೆ ಸಮಾಧಾನ ಹೇಳಿದರು. ಅವರಿಗೆ! ನನ್ನ ತಲೆ ಆಗ ಇದ್ದಷ್ಟು ಸರಿಯಾಗಿ ಎಂದೂ ಇರಲಿಲ್ಲ.

ಮನೆ ಬಿಟ್ಟು ಹೋಗಲಿಲ್ಲವೇ ಎಂದು ಕೇಳುತ್ತೀರಿ. ಎಲ್ಲಿಗೆ ಹೋಗಲಿ? ತವರಿನ ಬಾಗಿಲು ಹೇಗೆ ತೆರೆಯುತ್ತದೆಂದು ನೋಡಿಯಾಗಿತ್ತು. ಇನ್ನೂ ಮಕ್ಕಳಾದವು, ಬೆಳೆದವು, ಅವುಗಳ ಮದುವೆಗಳೂ ಆದವು. ಎಲ್ಲದರಲ್ಲೂ ಮಾವ ರುಮಾಲು ಸುತ್ತಿಕೊಂಡು ಮುಂದೆ ಕೂತಿದ್ದರು. ತೊಂಬತ್ತು ದಾಟಿದರು. ಅಷ್ಟು ವರ್ಷವೂ ಅವರ ಹಾಲು ಕಾಸಿ, ಆರಿಸಿ, ಹೆಪ್ಪು ಹಾಕಿದವಳು ನಾನೇ.

ಅವರು ತೀರಿದ ದಿನ ಊರೆಲ್ಲ ನನ್ನನ್ನು ಹೊಗಳಿತು. ಸೊಸೆಯ ಕೈಗುಣದಿಂದ ಇಷ್ಟು ಬಾಳಿದರು ಎಂದರು. ಒಬ್ಬ ಮುದುಕಿ ನನ್ನ ತಲೆಯ ಮೇಲೆ ಕೈಯಿಟ್ಟು, "ಪುಣ್ಯಾ ಕಟಗೊಂಡಿ ಯವ್ವಾ. ನಿನಗೂ ಅವರಷ್ಟ ಆಯುಷ್ಯ ಬರಲಿ" ಎಂದು ಹರಸಿದಳು.

ಬಂದಿದೆ. ನನ್ನ ಮಗಳು ಇದ್ದಿದ್ದರೆ ಈಗ ಅವಳ ತಲೆಯೂ ಹಣ್ಣಾಗಿರುತ್ತಿತ್ತು.